ಗೇಮ್ಸ್ ಹೋದ ಮೇಲೂ ಉಳಿದ ತರ್ಕ: ಒಂದು ಎಲ್‌ಸ್ಯಾಟ್ ವೀಡಿಯೋ ಕೋರ್ಸಿನ ವಿಮರ್ಶೆ

ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶಕ್ಕಾಗಿ ಬರೆಯುವ ಎಲ್‌ಸ್ಯಾಟ್ ಪರೀಕ್ಷೆಯಲ್ಲಿ 2024ರ ಆಗಸ್ಟ್‌ನಿಂದ ಲಾಜಿಕ್ ಗೇಮ್ಸ್ ವಿಭಾಗವಿಲ್ಲ. ಚಿತ್ರ ಬರೆದು ಬಿಡಿಸಬೇಕಾದ ಈ ಒಗಟುಗಳು ತಮಗೆ ಅನ್ಯಾಯವೆಂದು ದೃಷ್ಟಿಹೀನ ಅಭ್ಯರ್ಥಿಗಳು ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ 2019ರಲ್ಲಿ ರಾಜಿಯಾಗಿ, ಅದರ ಫಲವಾಗಿ ಈ ಬದಲಾವಣೆ ಬಂದಿತು. ಆದರೂ ನಾನು ಚಂದಾ ಕಟ್ಟಿ ನೋಡಿದ ವೀಡಿಯೋ ಕೋರ್ಸಿನಲ್ಲಿ ಆ ಪಾಠಗಳು ಹಾಗೆಯೇ ಇವೆ; ಇವು ಈಗಿನ ಪರೀಕ್ಷೆಗೆ ಬೇಡವೆಂಬ ಸೂಚನೆ ಎಲ್ಲಿಯೂ ಇಲ್ಲ. ಹೊಸಬರನ್ನು ಇದು ದಾರಿ ತಪ್ಪಿಸುತ್ತದೆ.

ಹಾಗೆಂದು ಕೋರ್ಸನ್ನು ಪೂರ್ತಿ ತಳ್ಳಿಹಾಕಲಾಗದು, ಏಕೆಂದರೆ ಗೇಮ್ಸ್‌ನ ಬೆನ್ನೆಲುಬಾಗಿದ್ದ, ‘ಹೀಗಿದ್ದರೆ ಹಾಗೆ’ ಎಂಬ ಷರತ್ತಿನ ತರ್ಕವು, ಚಿಕ್ಕ ವಾದಗಳನ್ನು ಕೊಟ್ಟು ಪರೀಕ್ಷಿಸುವ ಲಾಜಿಕಲ್ ರೀಸನಿಂಗ್ ಪ್ರಶ್ನೆಗಳಲ್ಲಿ ಇಂದಿಗೂ ಇದೆ, ಮತ್ತು ಈಗ ಅಂಕವಿರುವ ಮೂರು ವಿಭಾಗಗಳಲ್ಲಿ ಎರಡು ಅದರವೇ. ಈ ಷರತ್ತಿನ ತರ್ಕದ ಅಧ್ಯಾಯವನ್ನು ಕೋರ್ಸಿನ ಅಧ್ಯಾಪಕರು ಬಹಳ ಚೆನ್ನಾಗಿ ಕಟ್ಟಿದ್ದಾರೆ. ‘ಪರವಾನಗಿ ಇದ್ದರೆ ಮಾತ್ರ ಕಟ್ಟಡ ಕಟ್ಟಬಹುದು’ ಎಂಬ ನಿಯಮದಿಂದ, ಕಟ್ಟಡ ಕಟ್ಟುತ್ತಿರುವವರು ನಿಯಮ ಪಾಲಿಸುತ್ತಿದ್ದರೆ ಅವರ ಬಳಿ ಪರವಾನಗಿ ಇದೆಯೆಂದು ತಿಳಿಯಬಹುದು. ಪರವಾನಗಿ ಇರುವವರೆಲ್ಲರೂ ಕಟ್ಟಬಹುದೆಂದು ತಿಳಿಯುವಂತಿಲ್ಲ, ಬೇರೆ ಅಡ್ಡಿಗಳಿರಬಹುದು. ಅಗತ್ಯವಾದ ಷರತ್ತನ್ನು ಸಾಕಾಗುವ ಷರತ್ತೆಂದು ಓದುವ ಈ ತಪ್ಪನ್ನೇ ನಂಬಿ ಪರೀಕ್ಷೆಯ ಎಷ್ಟೋ ತಪ್ಪು ಆಯ್ಕೆಗಳು ಸಿದ್ಧವಾಗಿರುತ್ತವೆ. ವಾದದಲ್ಲಿ ಕಾಣೆಯಾದ ಕೊಂಡಿಯನ್ನು ಹುಡುಕುವ ಪಾಠ ಇನ್ನೂ ಮೇಲು: ‘ಸಾಕ್ಷಿ ನಂಬಲರ್ಹ, ಆದ್ದರಿಂದ ತೀರ್ಪು ನಿಲ್ಲುತ್ತದೆ’ ಎಂಬ ವಾದವನ್ನು ಪೂರ್ಣಗೊಳಿಸಲು ‘ಸಾಕ್ಷಿ ನಂಬಲರ್ಹವಾದರೆ ತೀರ್ಪು ನಿಲ್ಲುತ್ತದೆ’ ಎಂಬುದು ಬೇಕು, ‘ತೀರ್ಪು ನಿಂತರೆ ಸಾಕ್ಷಿ ನಂಬಲರ್ಹ’ ಎಂಬ ಆಯ್ಕೆ, ಅವೇ ಪದಗಳಿದ್ದರೂ, ಏನನ್ನೂ ಸಾಧಿಸುವುದಿಲ್ಲ. ‘ಅನ್‌ಲೆಸ್’ ಬಂದಲ್ಲೆಲ್ಲ ‘ಇಫ್ ನಾಟ್’ ಎಂದು ಓದಿಕೊಳ್ಳುವ ಉಪಾಯವೂ ಹಲವು ಗೊಂದಲಗಳನ್ನು ತೀರಿಸುತ್ತದೆ.

ಕೊರತೆಯೆಂದರೆ, ಪ್ರತಿ ಪ್ರಶ್ನೆಯಲ್ಲೂ ವಾದವನ್ನು ‘ಇದು → ಅದು’ ಎಂದು ಬಾಣದ ಗುರುತಿನಲ್ಲಿ ಬರೆಸುವ ಅತಿ ಉತ್ಸಾಹ. ವಿಭಾಗಕ್ಕೆ 35 ನಿಮಿಷವಷ್ಟೇ ಇರುವಾಗ, ಕಾರಣ-ಪರಿಣಾಮದ ಅಥವಾ ಸಮೀಕ್ಷೆಯ ವಾದಗಳಿಗೆ ಬಾಣ ಬರೆಯುತ್ತ ಕೂರುವುದು ಸಮಯ ವ್ಯರ್ಥ. ‘ಕೆಲವರು’, ‘ಹೆಚ್ಚಿನವರು’ ಎಂಬ ಪರಿಮಾಣದ ತರ್ಕಕ್ಕೆ ಅವರು ಕೊಟ್ಟಿರುವ ಜಾಗ ತೀರ ಕಡಿಮೆ.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ (ಎನ್‌ಎಲ್‌ಎಸ್‌ಐಯು) ಮೊದಲಾದೆಡೆ ಸೇರಲು ಭಾರತದ ಕಾನೂನು ಪ್ರವೇಶ ಪರೀಕ್ಷೆಯಾದ ಕ್ಲಾಟ್ ಬರೆಯುವವರಿಗೆ ಇದನ್ನು ಕೊಳ್ಳಲು ನಾನು ಹೇಳುವುದಿಲ್ಲ; ಅಲ್ಲಿ 2 ಗಂಟೆಯಲ್ಲಿ 120 ಪ್ರಶ್ನೆಗಳನ್ನು ಎದುರಿಸುವ ಓದಿನ ವೇಗ ಹೆಚ್ಚು ಮುಖ್ಯ. ಎಲ್‌ಸ್ಯಾಟ್ ಬರೆಯುವವರು ಒಂದು ತಿಂಗಳ ಚಂದಾ ಮಾತ್ರ ಕಟ್ಟಿ, ಷರತ್ತಿನ ಅಧ್ಯಾಯವನ್ನು ಮುಗಿಸಿಕೊಂಡು, ಅಭ್ಯಾಸಕ್ಕೆ ಎಲ್‌ಸ್ಯಾಟ್ ನಡೆಸುವ ಎಲ್‌ಎಸ್‌ಎಸಿ ಸಂಸ್ಥೆಯ ಲಾಹಬ್ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಅಧಿಕೃತ ಪ್ರಶ್ನೆಪತ್ರಿಕೆಗಳನ್ನು ಬಳಸಬಹುದು.