ಹೊರಡುವ ತಿಂಗಳಿಗೊಂದು ಪಾಸ್: ಜರ್ಮನಿಯ ಡಾಯ್ಚ್‌ಲಾಂಡ್ ಟಿಕೆಟ್

ಜರ್ಮನಿಗೆ ಒಂದು ಸೆಮಿಸ್ಟರ್ ಓದಲು ಬಂದ ವಿದ್ಯಾರ್ಥಿಗೆ ಊರು ನೋಡುವ ಬಿಡುವು ಸಿಗುವುದು ಸಾಮಾನ್ಯವಾಗಿ ಕೊನೆಯ ಪರೀಕ್ಷೆ ಮುಗಿದ ಮೇಲೆಯೇ. ಅಷ್ಟು ಹೊತ್ತಿಗೆ ಖಾತೆಯಲ್ಲಿದ್ದ ದುಡ್ಡು ತಳ ಕಂಡಿರುತ್ತದೆ. ನೋಡದೆ ಉಳಿದ ಊರುಗಳು ಒಂದು ಕಡೆ, ಖಾಲಿ ಮಾಡಬೇಕಾದ ಕೋಣೆ ಇನ್ನೊಂದು ಕಡೆ, ಕಚೇರಿ, ಬ್ಯಾಂಕು, ವಿಮೆ ಎಂದು ಅಲೆಯಬೇಕಾದ ಅಲೆದಾಟ ಮತ್ತೊಂದು ಕಡೆ. ಇಂಥ ಕೊನೆಯ ವಾರಗಳಿಗೆ ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸ್ ಎಷ್ಟರ ಮಟ್ಟಿಗೆ ಒದಗುತ್ತದೆ ಎಂಬುದನ್ನು, 2025ರ ಬೇಸಿಗೆ ಸೆಮಿಸ್ಟರ್ ಅನ್ನು ಸ್ಟುಟ್‌ಗಾರ್ಟ್‌ನಲ್ಲಿ ಓದಿ ಮರಳಿದ ನಾನು, ಬಳಸಿ ಕಂಡದ್ದನ್ನು ಇಟ್ಟುಕೊಂಡು ಬರೆಯುತ್ತಿದ್ದೇನೆ.

ಈ ಟಿಕೆಟ್‌ನ ಹಿಂದೆ ಚಿಕ್ಕದೊಂದು ಚರಿತ್ರೆಯಿದೆ. ಇಂಧನದ ಬೆಲೆ ಏರಿದ್ದ 2022ರ ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿನ ಸರ್ಕಾರ ತಿಂಗಳಿಗೆ 9 ಯೂರೋ ದರದಲ್ಲಿ ಇಡೀ ದೇಶ ಓಡಾಡುವ ಅವಕಾಶ ಕೊಟ್ಟಿತು. ಅದಕ್ಕೆ ಸಿಕ್ಕ ಜನಮನ್ನಣೆಯ ಬೆನ್ನಲ್ಲೇ 2023ರ ಮೇ 1ರಿಂದ 49 ಯೂರೋ ದರದ ಖಾಯಂ ಪಾಸ್ ಜಾರಿಗೆ ಬಂತು. 2025ರ ಜನವರಿಯಲ್ಲಿ ದರ 58 ಯೂರೋ ಆಯಿತು. ನಾನು ಕೊಟ್ಟದ್ದು ಇದನ್ನೇ, ಅಂದರೆ ನಮ್ಮ ಲೆಕ್ಕದಲ್ಲಿ ಆರು ಸಾವಿರ ರೂಪಾಯಿಯ ಆಸುಪಾಸು. 2026ರ ಜನವರಿಯಿಂದ ಅದು 63 ಯೂರೋಗೆ ಏರಿದೆ. ಈ ಹಣಕ್ಕೆ ದೇಶದ ಎಲ್ಲ ಊರುಗಳ ಸಿಟಿ ಬಸ್, ಟ್ರಾಮ್, ಮೆಟ್ರೊ, ಎಸ್-ಬಾನ್ ಎಂಬ ಉಪನಗರ ರೈಲು, ಮತ್ತು ಆರ್‌ಬಿ, ಆರ್‌ಇ ಎಂಬ ಗುರುತಿನ ಪ್ರಾದೇಶಿಕ ರೈಲುಗಳೆಲ್ಲವೂ ಸೇರುತ್ತವೆ. ಬಿಎಂಟಿಸಿಯ ಒಂದೇ ಪಾಸ್ ತೋರಿಸಿ ನಮ್ಮ ಮೆಟ್ರೊ ಹತ್ತಿ, ಅದೇ ಪಾಸ್‌ನಲ್ಲಿ ಪ್ಯಾಸೆಂಜರ್ ರೈಲು ಹಿಡಿದು ಬೀದರ್ ತಲುಪಿ, ಅಲ್ಲಿನ ನಗರ ಸಾರಿಗೆಯಲ್ಲೂ ಕುಳಿತಂತೆ ಎಂದರೆ ಇದರ ಹರವು ನಮ್ಮವರಿಗೆ ಅರ್ಥವಾದೀತು. ಐಸಿಇ, ಐಸಿ, ಇಸಿ ಎಂಬ ದೂರದ ವೇಗದ ರೈಲುಗಳಿಗೂ ಖಾಸಗಿ ದೂರಪ್ರಯಾಣದ ಬಸ್ಸುಗಳಿಗೂ ಇದು ನಡೆಯುವುದಿಲ್ಲ.

ಸೆಮಿಸ್ಟರ್ ಇಡೀ ಈ ಪಾಸ್ ನನಗೆ ಬೇಕಾಗಿರಲಿಲ್ಲ. ಫಾಯಿಂಗನ್ ಕ್ಯಾಂಪಸ್‌ನಲ್ಲಿ ಹಾಸ್ಟೆಲ್‌ನಿಂದ ತರಗತಿಗೆ ನಡೆದೇ ಹೋಗಬಹುದು. ವಿದ್ಯಾರ್ಥಿಗಳಿಗೆಂದೇ ಅಗ್ಗದ ಪಾಸ್‌ಗಳೂ ಇವೆ. ನಿಮ್ಮ ವಿಶ್ವವಿದ್ಯಾಲಯ ಸೆಮಿಸ್ಟರ್ ಶುಲ್ಕದೊಳಗೇ ಅಂಥದ್ದೊಂದನ್ನು ಕೊಡುತ್ತಿದ್ದರೆ ಮುಂದಿನದ್ದನ್ನು ಓದುವ ಅಗತ್ಯವೇ ಇಲ್ಲ. ಆದರೆ ಆ ಅಗ್ಗದ ಪಾಸ್ ವರ್ಷಪೂರ್ತಿ ಚಂದಾ ಕಟ್ಟಬೇಕಾದದ್ದಾಗಿದ್ದರೆ, ಹೊರಟು ನಿಂತವನಿಗೆ ಅದು ಅಗ್ಗವಲ್ಲ. ಕೊನೆಯ ಒಂದು ತಿಂಗಳಿಗೆ ಮಾತ್ರ ಮಾಮೂಲಿ ಟಿಕೆಟ್ ಕೊಳ್ಳುವುದೇ ಲೆಕ್ಕಕ್ಕೆ ಕೂಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೊಳ್ಳುವುದು ಸುಲಭ, ಬಿಡುವುದರಲ್ಲಿ ಎಚ್ಚರ ಬೇಕು. ಹೆಸರಿನಲ್ಲಿ ಟಿಕೆಟ್ ಎಂದಿದ್ದರೂ ಇದು ಚಂದಾ: ನಾವು ಬೇಡವೆನ್ನುವವರೆಗೂ ಪ್ರತಿ ತಿಂಗಳು ಖಾತೆಯಿಂದ ಹಣ ಕಡಿತವಾಗುತ್ತಲೇ ಇರುತ್ತದೆ. ತಿಂಗಳ ಕೊನೆಗೆ ನಿಲ್ಲಿಸಬೇಕಾದರೆ ಅದೇ ತಿಂಗಳ 10ನೇ ತಾರೀಖಿನೊಳಗೆ ರದ್ದುಮಾಡಬೇಕು. 12ನೇ ತಾರೀಖಿಗೆ ಕೊಂಡು, ತಿಂಗಳ ಕೊನೆಗೆ ವಿಮಾನ ಹತ್ತುವವನ ಖಾತೆಯಿಂದ, ಅವನು ಊರು ಸೇರಿದ ಮೇಲೂ ಮುಂದಿನ ತಿಂಗಳ ಹಣ ಕಡಿತವಾಗುವುದು ಹೀಗೆಯೇ. ಪಾಸ್ ಕ್ಯಾಲೆಂಡರ್ ತಿಂಗಳ ಲೆಕ್ಕದಲ್ಲಿ ನಡೆಯುವುದರಿಂದ 1ನೇ ತಾರೀಖಿನಿಂದಲೇ ಕೊಂಡು, ಕೊಂಡ ದಿನವೇ ರದ್ದತಿಯನ್ನೂ ನಮೂದಿಸಿಬಿಡುವುದು ಜಾಣತನ. ಹಾಗೆ ಮಾಡಿದರೂ ತಿಂಗಳ ಕೊನೆಯ ದಿನದವರೆಗೆ ಪಾಸ್ ಚಾಲ್ತಿಯಲ್ಲಿರುತ್ತದೆ. ರದ್ದತಿಯನ್ನು ಯಾರಿಂದ ಕೊಂಡೆವೋ ಅವರಲ್ಲಿಯೇ ಮಾಡಬೇಕು. ಒಂದು ಸಾರಿಗೆ ಸಂಸ್ಥೆಯ ಆ್ಯಪ್‌ನಲ್ಲಿ ಕೊಂಡದ್ದನ್ನು ಇನ್ನೊಂದರ ಕೌಂಟರಿನಲ್ಲಿ ರದ್ದುಮಾಡಿಸಲು ಆಗದು. ರದ್ದಾಗಿದೆ ಎಂಬ ಮಿಂಚಂಚೆಯನ್ನು ಅಳಿಸದೆ ಇಟ್ಟುಕೊಳ್ಳಿ.

ಬ್ಯಾಂಕ್ ಖಾತೆ ಮುಚ್ಚುವ ಅವಸರದಲ್ಲಿರುವವರಿಗೆ ಇಲ್ಲೇ ಇನ್ನೊಂದು ಮಾತು ಹೇಳಬೇಕು. ಕೊನೆಯ ಕಂತು ಕಡಿತವಾಗುವ ಮೊದಲೇ ಖಾತೆ ಮುಚ್ಚಿದರೆ ಆ ಬೇಡಿಕೆ ವಾಪಸಾಗುತ್ತದೆ, ಅದಕ್ಕೆ ದಂಡ ಸೇರುತ್ತದೆ, ನೋಟಿಸ್ ನೀವಿಲ್ಲದ ಹಾಸ್ಟೆಲ್ ವಿಳಾಸಕ್ಕೆ ಹೋಗಿ ಬೀಳುತ್ತದೆ. ಆದ್ದರಿಂದ ಮೊದಲು ಚಂದಾಗಳು, ಆಮೇಲೆ ವಿಳಾಸ, ಎಲ್ಲಕ್ಕಿಂತ ಕೊನೆಗೆ ಬ್ಯಾಂಕು ಎಂಬ ಸರದಿಯನ್ನು ಬಿಡಬಾರದು. ವಿಳಾಸದ ನೋಂದಣಿಯನ್ನು ತೆಗೆಸುವ ಅಬ್‌ಮೆಲ್ಡುಂಗ್ ಎಂಬ ಕೆಲಸವನ್ನು ಮನೆ ಬಿಡುವ ಒಂದು ವಾರಕ್ಕಿಂತ ಮುಂಚೆ ಮಾಡಲು ಬರುವುದಿಲ್ಲ, ಬಿಟ್ಟ ಎರಡು ವಾರದ ನಂತರಕ್ಕೆ ತಳ್ಳುವಂತೆಯೂ ಇಲ್ಲ. ಹೀಗಾಗಿ ಕಚೇರಿಗಳ ಓಡಾಟವೆಲ್ಲ ಕೊನೆಯ ವಾರದಲ್ಲೇ ಗಂಟು ಬೀಳುತ್ತದೆ.

ಪಾಸ್‌ನ ನಿಜವಾದ ಸುಖ ಗೊತ್ತಾದದ್ದು ಈ ಗಂಟಿನಲ್ಲೇ. ಬಿಡಿ ಟಿಕೆಟ್ ಕೊಳ್ಳುವಾಗ ಪ್ರತಿ ಸಲ ವಲಯ ಎಣಿಸಬೇಕು, ಹೋಗಿ ಬರುವ ಖರ್ಚನ್ನು ಕೆಲಸದ ತೂಕದೊಂದಿಗೆ ಹೋಲಿಸಿ ನೋಡಬೇಕು. ಪಾಸ್ ಇದ್ದರೆ ಒಂದು ಸಹಿ ಮರೆತದ್ದಕ್ಕೆ ಮತ್ತೆ ಹೋದರೂ ಹೊಟ್ಟೆಯುರಿಯುವುದಿಲ್ಲ. ನನ್ನ ಐದು ಲೀಟರಿನ ಕುಕ್ಕರ್, ಒಗ್ಗರಣೆ ಸೌಟು, ಅರ್ಧ ಉಳಿದ ಸಾರಿನ ಪುಡಿಯ ಡಬ್ಬಿ, ಎರಡು ಹೊದಿಕೆ, ಇವನ್ನೆಲ್ಲ ಅಕ್ಟೋಬರ್‌ನಲ್ಲಿ ತರಗತಿ ಸೇರಲಿದ್ದ ಹೊಸ ವಿದ್ಯಾರ್ಥಿಗಳಿಗೆಂದು ಬ್ಯೋಬ್ಲಿಂಗನ್‌ನಲ್ಲಿರುವ ಕನ್ನಡದ ಕುಟುಂಬವೊಂದರ ಮನೆಯಲ್ಲಿ ಇರಿಸಿಬಂದೆ. ವಿಶ್ವವಿದ್ಯಾಲಯದ ನಿಲ್ದಾಣದಿಂದಲೇ ಎಸ್1 ರೈಲು ನೇರವಾಗಿ ಅಲ್ಲಿಗೆ ಹೋಗುತ್ತದೆ. ಎಲ್ಲವನ್ನೂ ಒಂದೇ ಸಲಕ್ಕೆ ಹೊರಲಾಗದೆ ಸಾಮಾನನ್ನು ಪಾಲು ಮಾಡಿಕೊಂಡು ಒಯ್ದರೂ ಖರ್ಚು ಹೆಚ್ಚಲಿಲ್ಲ. ಕುಕ್ಕರಿನ ಮುಚ್ಚಳ ಚೀಲದಿಂದ ಹೊರಗೆ ಇಣುಕುತ್ತಿದ್ದುದನ್ನು ಎದುರಿನ ಸೀಟಿನ ಅಜ್ಜಿ ದಾರಿಯುದ್ದಕ್ಕೂ ನೋಡುತ್ತಲೇ ಇದ್ದು, ಇಳಿಯುವಾಗ ವಿಶಲ್ ತೋರಿಸಿ ಇದೇನೆಂದು ಕೇಳಿಯೇಬಿಟ್ಟರು. ಆರು ತಿಂಗಳಲ್ಲಿ ಕಲಿತ ಜರ್ಮನ್ ಅದನ್ನು ವಿವರಿಸುವಷ್ಟಕ್ಕೆ ಸಾಕಾಯಿತು.

ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಕಚೇರಿಗಳ ಮಾತಂತೂ ಇಲ್ಲ. ಆ ದಿನವನ್ನು ರೈಲಿಗೆ ಕೊಡುವುದು ಲೇಸು. ದೂರ ಹೋಗುವ ಮುನ್ನ ಸ್ಟುಟ್‌ಗಾರ್ಟ್‌ನಲ್ಲೇ ಎರಡು ವಿಶೇಷಗಳಿವೆ: ಮಾರಿಯೆನ್‌ಪ್ಲಾಟ್ಸ್‌ನಿಂದ ಡೇಗರ್‌ಲೋಹ್ ದಿಬ್ಬಕ್ಕೆ ಹಲ್ಲುಗಾಲಿಯ ಮೇಲೆ ಏರುವ ರೈಲು, ಮತ್ತು ವಾಲ್ಡ್‌ಫ್ರೀಡ್‌ಹೋಫ್ ಎಂಬ ಕಾಡು ಸ್ಮಶಾನದತ್ತ ಹಗ್ಗ ಎಳೆದೊಯ್ಯುವ ಮರದ ಪೆಟ್ಟಿಗೆಯ ಹಳೆಯ ಬಂಡಿ. ಬೇರೆ ಊರುಗಳಲ್ಲಿ ಇಂಥವಕ್ಕೆ ಪ್ರವಾಸಿ ದರ ಕೀಳುತ್ತಾರೆ. ಇಲ್ಲಿ ಎರಡೂ ನಗರ ಸಾರಿಗೆಯ ಭಾಗವಾದ್ದರಿಂದ ಇದೇ ಪಾಸ್ ಸಾಕು.

ಕನ್ನಡದವರಿಗೆ ಈ ಪಾಸ್‌ನಿಂದ ದಕ್ಕುವ ದೊಡ್ಡ ಲಾಭ ಎಂದರೆ ನೆಕ್ಕರ್ ನದಿಯ ದಡದ ಊರುಗಳು. ಬ್ಯೋಬ್ಲಿಂಗನ್‌ಗೆ ಹೋಗುವ ಅದೇ ಎಸ್1 ರೈಲಿನ ಎದುರು ದಿಕ್ಕಿನಲ್ಲಿ ಎಸ್ಲಿಂಗನ್ ಇದೆ. ಮರದ ತೊಲೆಗಳ ಚೌಕಟ್ಟು ಗೋಡೆಯ ಹೊರಗೇ ಕಾಣುವ ಮನೆಗಳು, ಊರ ನೆತ್ತಿಗೆ ಹತ್ತಿಕೊಂಡಂತೆ ಏರುವ ದ್ರಾಕ್ಷಿ ತೋಟ, ಇಷ್ಟಕ್ಕೇ ಜನ ಅಲ್ಲಿಗೆ ಹೋಗುತ್ತಾರೆ. ನಾನು ಹೋದದ್ದು ಹೆರ್ಮನ್ ಮೊಗ್ಲಿಂಗ್ ಅವರು 1881ರಲ್ಲಿ ತೀರಿಕೊಂಡ ಊರು ಎಂಬ ಕಾರಣಕ್ಕೆ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರತಂದು ಕನ್ನಡ ಪತ್ರಿಕೋದ್ಯಮಕ್ಕೆ ಮೊದಲ ಹೆಜ್ಜೆ ಹಾಕಿಕೊಟ್ಟವರು ಅವರು. ನಾವು ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸುವುದು ಅದರ ನೆನಪಿಗೆ. ಅಲ್ಲಿಂದ ಪ್ಲೋಖಿಂಗನ್, ರಾಯ್ಟ್‌ಲಿಂಗನ್ ದಾಟಿ ಪ್ರಾದೇಶಿಕ ರೈಲು ಟ್ಯೂಬಿಂಗನ್‌ಗೆ ಹೋಗುತ್ತದೆ. ಸ್ಟುಟ್‌ಗಾರ್ಟ್‌ನಿಂದ ಲೆಕ್ಕ ಹಾಕಿದರೂ ಒಂದು ಗಂಟೆಯ ದಾರಿ. ಮೊಗ್ಲಿಂಗ್ ಓದಿದ್ದು ಅಲ್ಲಿ. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದ ಫರ್ಡಿನೆಂಡ್ ಕಿಟೆಲ್ 1903ರ ಡಿಸೆಂಬರ್‌ನಲ್ಲಿ ಕೊನೆಯುಸಿರೆಳೆದದ್ದೂ ಅಲ್ಲೇ. 1477ರಲ್ಲಿ ಆರಂಭವಾದ ಅಲ್ಲಿನ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಮೇಯೊ ಹಾಲ್ ಹತ್ತಿರ ಅವರ ಪ್ರತಿಮೆಯ ಮುಂದೆ ಎಷ್ಟೋ ಸಲ ಸಿಗ್ನಲ್‌ಗೆ ನಿಂತಿದ್ದರೂ ಕಿಟೆಲ್ ಅವರ ಊರು ಯಾವುದೆಂದು ನಾನು ವಿಚಾರಿಸಿದವನಲ್ಲ. ನದಿಯಂಚಿನ ಹಳದಿ ಗೋಪುರದ ಪಕ್ಕ, ಉದ್ದ ಗಳುವಿನಿಂದ ನೂಕುವ ಚಪ್ಪಟೆ ದೋಣಿಗಳನ್ನು ನೋಡುತ್ತ ಕುಳಿತು, ಸಂಜೆಯ ಯಾವುದೋ ಒಂದು ರೈಲಿಗೆ ಹಿಂತಿರುಗಿದೆ. ಇಂಥದ್ದೇ ರೈಲಿಗೆ ಎಂದು ಹಣ ಕೊಟ್ಟಿಲ್ಲದಿರುವುದು ಎಂಥ ಬಿಡುಗಡೆ ಎಂಬುದು ಇಂಥ ಮಧ್ಯಾಹ್ನಗಳಲ್ಲಿ ತಿಳಿಯುತ್ತದೆ.

ಇನ್ನೂ ಮುಂದಕ್ಕೆ ಹೋಗುವ ಮನಸ್ಸಿದ್ದರೆ ಬಾಸೆಲ್ ಇದೆ. ಊರು ಸ್ವಿಟ್ಜರ್‌ಲೆಂಡಿನದಾದರೂ ಅಲ್ಲಿನ ಬಾಡಿಷರ್ ಬಾನ್‌ಹೋಫ್ ಎಂಬ ನಿಲ್ದಾಣದವರೆಗೆ ಈ ಜರ್ಮನ್ ಪಾಸ್ ನಡೆಯುತ್ತದೆ. ಆಸ್ಟ್ರಿಯಾದ ಸಾಲ್ಸ್‌ಬುರ್ಗ್‌ನ ಮುಖ್ಯ ನಿಲ್ದಾಣದವರೆಗೂ ಹೀಗೆಯೇ ಹೋಗಬಹುದು. ನಿಲ್ದಾಣದಿಂದ ಆಚೆಗಿನ ಟ್ರಾಮ್‌ಗೆ ಬೇರೆ ಟಿಕೆಟ್ ಬೇಕು, ಗಡಿಯಾದ್ದರಿಂದ ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ಜೊತೆಗಿರಬೇಕು. 1834ರಲ್ಲಿ ಮಂಗಳೂರಿಗೆ ಬಂದು ಶಾಲೆ, ಮುದ್ರಣಾಲಯ, ನೇಯ್ಗೆ, ಹೆಂಚಿನ ಕಾರ್ಖಾನೆ ಎಂದು ಕರಾವಳಿಯ ಬದುಕನ್ನೇ ಬದಲಿಸಿದ ಬಾಸೆಲ್ ಮಿಷನ್‌ನ ಮನೆ ಅಲ್ಲಿ ಮಿಷನ್ಸ್‌ಸ್ಟ್ರಾಸೆ ಎಂಬ ರಸ್ತೆಯಲ್ಲಿ ಇಂದಿಗೂ ಇದೆ. ದಕ್ಷಿಣ ಕನ್ನಡದವರು ಈ ಪ್ರಯಾಣವನ್ನು ತಪ್ಪಿಸಬಾರದೆಂದೇ ನಾನು ಹೇಳುತ್ತೇನೆ, ಆದರೆ ಒಂದು ರಾತ್ರಿ ಅಲ್ಲಿ ಉಳಿಯುವ ಏರ್ಪಾಡಿನೊಂದಿಗೆ. ಕಾರ್ಲ್ಸ್‌ರೂಹ, ಫ್ರೈಬುರ್ಗ್ ಮಾರ್ಗವಾಗಿ ಪ್ರಾದೇಶಿಕ ರೈಲುಗಳಲ್ಲಿ ಹೋಗುವುದಕ್ಕೇ ನಾಲ್ಕು ಗಂಟೆಗೆ ಕಡಿಮೆಯಿಲ್ಲ, ಸ್ವಿಸ್ ಊಟದ ಬೆಲೆ ಕೇಳಿದರೆ ಡಬ್ಬಿ ಕಟ್ಟಿಕೊಂಡು ಹೋಗಬೇಕಿತ್ತು ಎನ್ನಿಸುತ್ತದೆ.

ನಿಧಾನವೇ ಇದರ ಮುಖ್ಯ ಕೊರತೆ. ವೇಗದ ರೈಲು ಎರಡು ಗಂಟೆಯಲ್ಲಿ ಮುಟ್ಟಿಸುವ ಊರಿಗೆ ಇದರಲ್ಲಿ ನಾಲ್ಕೈದು ಗಂಟೆ, ಎರಡು ಮೂರು ಕಡೆ ರೈಲು ಬದಲು. ಬೇಸಿಗೆ ರಜೆಯಲ್ಲಿ ಹಳಿ ದುರಸ್ತಿಯ ಕೆಲಸ ಎಲ್ಲೆಡೆ ನಡೆಯುವುದರಿಂದ ರೈಲಿನ ಬದಲು ಬಸ್ ಬಿಡುವುದೂ ಸಾಮಾನ್ಯ. ಬೆಟ್ಟದ ತಪ್ಪಲಿನ ಸಣ್ಣ ನಿಲ್ದಾಣವೊಂದರಲ್ಲಿ ನಾನು ಕಾಯುತ್ತಿದ್ದ ರೈಲು ಹೊರಡುವ ಹೊತ್ತಿಗೆ ಸರಿಯಾಗಿ ರದ್ದೆಂದು ಫಲಕದಲ್ಲಿ ಬಂತು. ಮುಂದಿನದು ಒಂದು ಗಂಟೆಯ ನಂತರ, ನಿಲ್ದಾಣದಲ್ಲಿ ನೆರಳಿರಲಿಲ್ಲ, ಕೇಳಲು ಸಿಬ್ಬಂದಿಯೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ಪಕ್ಕದ ಐಸಿಇ ಹತ್ತಿಬಿಡೋಣ ಎಂದರೆ ಈ ಪಾಸ್‌ನವರಿಗೆ ಆ ಸೌಲಭ್ಯವಿಲ್ಲ. ಗುರಿ ತಲುಪುವುದು ಒಂದು ಗಂಟೆಗೂ ಮೇಲೆ ತಡವಾದರೆ ಪರಿಹಾರ 1.50 ಯೂರೋ; ಅದೂ ಒಟ್ಟು ಮೊತ್ತ 4 ಯೂರೋ ಮುಟ್ಟಿದರೆ ಮಾತ್ರ ಕೈಗೆ ಬರುತ್ತದೆ. ಒಂದು ತಿಂಗಳಿಗೆಂದು ಕೊಂಡವರು ಇದನ್ನು ಗಿಟ್ಟಿಸಿಕೊಳ್ಳಬೇಕಾದರೆ ಕನಿಷ್ಠ ಮೂರು ಸಲ ಚೆನ್ನಾಗಿಯೇ ಸಿಕ್ಕಿಹಾಕಿಕೊಂಡಿರಬೇಕು. ರೈಲು ಹುಡುಕುವ ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ಈ ಪಾಸ್ ನಡೆಯುವ ಸಂಪರ್ಕಗಳನ್ನಷ್ಟೇ ತೋರಿಸುವ ಆಯ್ಕೆಯಿದೆ; ಅದನ್ನು ಒತ್ತದೆ ಹೊರಡಬೇಡಿ.

ಪಾಸ್ ಕಾಗದದಲ್ಲಿ ಸಿಗುವುದಿಲ್ಲ, ಮೊಬೈಲ್‌ನಲ್ಲಿ ಅಥವಾ ಚಿಪ್ ಕಾರ್ಡ್‌ನಲ್ಲಿ ಇರುತ್ತದೆ. ಹೆಸರಿಗೆ ಬರೆದ ಪಾಸ್ ಆದ್ದರಿಂದ ಗೆಳೆಯರಿಗೆ ಕೊಡುವಂತಿಲ್ಲ, ಭಾವಚಿತ್ರವಿರುವ ಗುರುತುಪತ್ರ ಕೇಳಿದರೆ ತೋರಿಸಬೇಕು. ಮೊಬೈಲ್ ಪಾಸ್ ಇದ್ದವರ ಬ್ಯಾಟರಿ ಖಾಲಿಯಾದರೆ ಚೆಕಿಂಗ್‌ನವರ ಲೆಕ್ಕದಲ್ಲಿ ಅವರು ಟಿಕೆಟ್ ಇಲ್ಲದವರೇ. ಕೊನೆಯ ವಾರ ಚಾರ್ಜರ್ ಸೂಟ್‌ಕೇಸಿನ ತಳದಲ್ಲಿ ಸೇರಿರುವ ಸಂಭವ ಹೆಚ್ಚಾದ್ದರಿಂದ ಇದನ್ನು ಹೇಳಬೇಕಾಯಿತು. ಜರ್ಮನ್ ಸಿಮ್ ಅನ್ನೂ ವಿಮಾನದ ದಿನದವರೆಗೆ ಉಳಿಸಿಕೊಳ್ಳಿ.

ಆ ವಿಮಾನದ ದಿನಕ್ಕೆ ಮಾತ್ರ ಈ ಪಾಸ್ ಅನ್ನು ನಾನು ಶಿಫಾರಸು ಮಾಡಲಾರೆ. ಸ್ಟುಟ್‌ಗಾರ್ಟ್ ವಿಮಾನ ನಿಲ್ದಾಣದಿಂದಲೇ ಹೊರಡುವವರಿಗೆ ಎಸ್2, ಎಸ್3 ರೈಲುಗಳಿವೆ, ತೊಂದರೆಯಿಲ್ಲ. ಬೆಂಗಳೂರಿಗೆ ನೇರ ವಿಮಾನ ಹಿಡಿಯಲು ಫ್ರಾಂಕ್‌ಫರ್ಟ್‌ಗೆ ಹೋಗುವವರು ಪ್ರಾದೇಶಿಕ ರೈಲುಗಳಲ್ಲಿ ಮೂರು ಗಂಟೆಗೂ ಹೆಚ್ಚು ಕಾಲ ಪ್ಲಾಟ್‌ಫಾರ್ಮ್‌ನಿಂದ ಪ್ಲಾಟ್‌ಫಾರ್ಮ್‌ಗೆ ಪೆಟ್ಟಿಗೆ ಎಳೆದಾಡಬೇಕು. ನಡುವೆ ಒಂದು ರೈಲು ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಲೆಕೆಳಗು. ಸ್ಟುಟ್‌ಗಾರ್ಟ್‌ನ ಮುಖ್ಯ ನಿಲ್ದಾಣದಲ್ಲಂತೂ 2010ರಲ್ಲಿ ಶುರುವಾದ ಹೊಸ ನಿಲ್ದಾಣದ ಕಾಮಗಾರಿಯ ದೆಸೆಯಿಂದ ಎಸ್-ಬಾನ್ ಇಳಿದು ಮೇಲಿನ ಹಳಿಗಳನ್ನು ತಲುಪುವುದೇ ಒಂದು ಕಾಲ್ನಡಿಗೆ ಯಾತ್ರೆ. ಐಸಿಇ ಒಂದೂಕಾಲು ಗಂಟೆಯ ಸುಮಾರಿಗೆ ವಿಮಾನ ನಿಲ್ದಾಣದೊಳಗೇ ಇಳಿಸುತ್ತದೆ. ವಿಮಾನದ ಟಿಕೆಟ್ ಖಚಿತವಾದ ವಾರವೇ ಅದರ ಟಿಕೆಟನ್ನೂ ಕೊಂಡರೆ ರಿಯಾಯಿತಿ ದರ ಸಿಗುತ್ತದೆ. ಆ ದರದ ಟಿಕೆಟ್ ನಿಗದಿತ ರೈಲಿಗೆ ಮಾತ್ರ ಸಲ್ಲುವುದರಿಂದ, ಚೆಕ್-ಇನ್ ಮುಚ್ಚುವ ಹೊತ್ತಿಗಿಂತ ಕನಿಷ್ಠ ಎರಡು ಗಂಟೆ ಮುಂಚೆ ತಲುಪುವ ರೈಲನ್ನೇ ಆರಿಸಿಕೊಳ್ಳಿ.