ಹ್ಯಾವ್‌ಲಾಕ್‌ನಲ್ಲಿ ಎಲ್ಲಿ ಮುಳುಗೋದು? ನಾನು ನೋಡಿದ ಜಾಗಗಳು ಅಕ್ಕಪಕ್ಕ

ಅಂಡಮಾನಿನ ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಅಂತ ಹೆಸರು. ಆದರೆ ಹಳೇ ಹೆಸರು ಜನರ ಬಾಯಿಂದ ಇನ್ನೂ ಹೋಗಿಲ್ಲ. ಅಲ್ಲಿ ಡೈವಿಂಗ್ ಜಾಗ ಒಂದೆರಡಲ್ಲ. ಹೋದವರು ಸಾಮಾನ್ಯವಾಗಿ ಕೇಳೋದು 'ಮೀನು ಎಲ್ಲಿ ಜಾಸ್ತಿ?' ಅಂತ. ನಾನು ಮೊದಲು ಕೇಳೋದು ಆಳ ಎಷ್ಟು, ಸೆಳೆತ ಹೇಗಿದೆ, ದೋಣಿಯಲ್ಲಿ ಎಷ್ಟು ಹೊತ್ತು ಅಂತ. ಮೀನು ಎಲ್ಲಾ ಕಡೆಯೂ ಸಿಗುತ್ತದೆ. ಅದನ್ನು ನೆಮ್ಮದಿಯಾಗಿ ನೋಡೋಕೆ ಆಗುತ್ತಾ ಅನ್ನೋದೇ ಪ್ರಶ್ನೆ.

ಮೊದಲ ಸಲ ನೀರಿಗಿಳಿಯೋರಿಗೆ ನೀಮೋ ರೀಫ್. ದೋಣಿ ಬೇಡ, ದಡದಿಂದಲೇ ನಡೆದು ಇಳಿಯೋದು. ಕಾಲ ಕೆಳಗೆ ಮರಳು, ನಿಧಾನವಾಗಿ ಇಳಿಜಾರು. ಕಿವಿ ಬಿಗಿದರೆ ಎರಡಡಿ ಮೇಲೆ ಬಂದು, ಮೂಗು ಹಿಡಿದು ಊದಿ, ಮತ್ತೆ ಇಳಿಯಬಹುದು. ಅನೆಮೊನಿ ಅನ್ನೋ ಹೂವಿನಂಥ ಸಮುದ್ರಜೀವಿಯೊಳಗಿನ ಪುಟ್ಟ ಕ್ಲೌನ್‌ಫಿಶ್ ಹೆದರಿ ಓಡೋದಿಲ್ಲ, ಸೀದಾ ಮಾಸ್ಕ್‌ಗೇ ನುಗ್ಗಿ ಬರುತ್ತದೆ. ಬೆರಳುದ್ದದ ಮೀನಿಗೆ ಎಷ್ಟು ಧೈರ್ಯ ನೋಡಿ! ತೊಂದರೆ ಅಂದರೆ ಜನಸಂದಣಿ. ಮರಳೆದ್ದು ನೀರು ಕದಡಿದರೆ ಏನೂ ಕಾಣೋದಿಲ್ಲ. ಇಳಿತದ ಹೊತ್ತಲ್ಲಿ ಸಿಲಿಂಡರ್ ಹೊತ್ತು ದೂರ ನಡೆಯಬೇಕು. ಉಬ್ಬರದ ಸಮಯ ಕೇಳಿಕೊಂಡೇ ಬುಕ್ ಮಾಡಿ.

ಲೈಟ್‌ಹೌಸ್ ಒಂದು ಮೆಟ್ಟಿಲು ಮೇಲೆ. ದೋಣಿಯಲ್ಲಿ ಸ್ವಲ್ಪ ಹೊತ್ತು ಹೋದರೆ ಸಾಕು, ಆಳವೂ ಹೆಚ್ಚಿಲ್ಲ. ಇಲ್ಲಿ ಸುಮ್ನೆ ಒಂದು ಕಡೆ ತೇಲಿಕೊಂಡು ಕಿವಿಗೊಡಿ. ಪ್ಯಾರಟ್‌ಫಿಶ್ ಹವಳ ಕೆರೆಯೋದು ಚಕ್ಕುಲಿ ಮುರಿದ ಹಾಗೆ ಕೇಳುತ್ತದೆ. ರಾತ್ರಿ ಡೈವ್‌ಗೂ ಇದೇ ಜಾಗಕ್ಕೆ ಕರೆದೊಯ್ಯುತ್ತಾರೆ. ಟಾರ್ಚ್ ಬೆಳಕಿನಲ್ಲಿ ಹಗಲು ಕಾಣದ ಕೆಂಪು ಬಣ್ಣ ಕಾಣುತ್ತದೆ. ನೀರು ಎಲ್ಲಕ್ಕಿಂತ ಮೊದಲು ಕೆಂಪನ್ನೇ ನುಂಗುತ್ತದೆ, ಹಗಲು ಎಲ್ಲಾ ನೀಲಿ-ಬೂದು ಕಾಣೋದು ಅದಕ್ಕೇ.

ನನ್ನ ಓಟು ಮಾತ್ರ 'ದ ವಾಲ್'ಗೆ. ಜೆಟ್ಟಿಗೆ ಹತ್ತಿರ, ಹೋಗೋದು ಸುಲಭ. ಬಂಡೆ ಗೋಡೆಯ ಹಾಗೆ ಕೆಳಗೆ ಇಳಿದಿದೆ. ತುದಿ ಹತ್ತು ಮೀಟರ್ ಆಸುಪಾಸಿನಲ್ಲಿ, ಬುಡ ನಮ್ಮಂಥವರಿಗೆ ಎಟುಕದಷ್ಟು ಆಳದಲ್ಲಿ. ನಿಮ್ಮ ಅನುಭವಕ್ಕೆ ತಕ್ಕ ಎತ್ತರ ಆರಿಸಿಕೊಂಡು ಗೋಡೆ ಪಕ್ಕದಲ್ಲೇ ಸಾಗಬಹುದು. ಸಂದಿಯಿಂದ ಮೋರೆ ಈಲ್ ಅನ್ನೋ ಹಾವಿನಂಥ ಮೀನು ಬಾಯಿ ತೆರೆದು ಮುಚ್ಚಿ ಮಾಡುತ್ತಿರುತ್ತದೆ. ಬೆದರಿಸೋಕಲ್ಲ, ಅದು ಉಸಿರಾಡೋ ರೀತಿಯೇ ಹಾಗೆ. ಇಲ್ಲಿ ಬೇಕಾಗೋದು ಏಳದೆ ಮುಳುಗದೆ ಒಂದೇ ಆಳದಲ್ಲಿ ತೇಲುವ ಹಿಡಿತ. ಕೆಳಗೆ ನಿಲ್ಲೋಕೆ ನೆಲವಿಲ್ಲ, ಗೋಡೆಗೆ ಕೈ ಹಾಕಿದರೆ ಹವಳ ಹಾಳಾಗುತ್ತದೆ. ಬಿಸಿಡಿಯ, ಅಂದರೆ ತೇಲೋಕೆ ಗಾಳಿ ತುಂಬುವ ಜಾಕೆಟ್‌ನ, ಗಾಳಿ ಹದ ಮಾಡೋದು ಬರದಿದ್ದರೆ ಇನ್ನೊಂದೆರಡು ಡೈವ್ ಲೈಟ್‌ಹೌಸ್‌ನಲ್ಲೇ ಮಾಡಿ ಬನ್ನಿ.

ಇನ್ನು ಎಲ್ಲರೂ ಹೊಗಳುವ ಡಿಕ್ಸನ್ಸ್ ಪಿನಾಕಲ್, ಜಾನಿಸ್ ಗಾರ್ಜ್. ದೂರ ಜಾಸ್ತಿ, ಸಮುದ್ರ ಕುಲುಕಿದರೆ ತಿಂದ ತಿಂಡಿ ದೋಣಿಯಲ್ಲೇ ಆಚೆ. ಆದರೆ ಡಿಕ್ಸನ್ಸ್‌ನಲ್ಲಿ ನೀಲಿಯೊಳಗಿಂದ ಶಿಖರ ಮೇಲೇಳುವ ನೋಟ, ಅದರ ಮೈತುಂಬಾ ಮೆತ್ತನೆಯ ಹವಳ, ಸುತ್ತ ಬ್ಯಾಟ್‌ಫಿಶ್ ಹಿಂಡು... ಹೊಗಳಿಕೆ ಸುಳ್ಳಲ್ಲ. ಜಾನಿಸ್‌ನಲ್ಲಿ ಬರಾಕುಡಾ, ಸ್ನ್ಯಾಪರ್ ಗುಂಪುಗಳು. ಆಳ ಮೂವತ್ತು ಮೀಟರ್ ಹತ್ತಿರ ಹೋಗುತ್ತದೆ. ಅಲ್ಲಿ ಒಂದು ಉಸಿರಿಗೆ ಹತ್ತು ಮೀಟರ್‌ನಲ್ಲಿ ಬೇಕಾದ ಗಾಳಿಯ ಎರಡರಷ್ಟು ಖರ್ಚು. ಸೆಳೆತದ ವಿರುದ್ಧ ಕಾಲು ಬಡಿದರಂತೂ ಸಿಲಿಂಡರ್‌ನ ಗಾಳಿ ತೋರಿಸೋ ಗೇಜ್‌ನ ಮುಳ್ಳು ಕಣ್ಣೆದುರೇ ಇಳಿಯುತ್ತದೆ. ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಸರ್ಟಿಫಿಕೇಟ್‌ನ ಮಿತಿ 18 ಮೀಟರ್, ಅಡ್ವಾನ್ಸ್ಡ್ ಆದರೆ 30. ಕಾರ್ಡ್ ಇದ್ದರೂ ಸೆಳೆತ ಅಭ್ಯಾಸವಿಲ್ಲದವರಿಗೆ ಅಷ್ಟು ದುಡ್ಡು ಕೊಟ್ಟು ಗೇಜ್ ನೋಡಿಕೊಂಡೇ ಬರೋದು ಬೇಕಾ?

ಪಕ್ಕದ ನೀಲ್ ದ್ವೀಪದ ಬಗ್ಗೆ ಎರಡೇ ಮಾತು. ಅಂಗಡಿಗಳು ಕಡಿಮೆ, ಊರಲ್ಲಿ ಗಲಾಟೆ ಕಡಿಮೆ. ಡೈವಿಂಗ್ ಒಂದಕ್ಕೇ ಹೋಗೋದಾದರೆ ಹ್ಯಾವ್‌ಲಾಕ್, ಮನೆಮಂದಿ ಜೊತೆಗಿದ್ದರೆ ನೀಲ್.

ನಮ್ಮ ಮುರ್ಡೇಶ್ವರದ ನೇತ್ರಾಣಿ ದ್ವೀಪವನ್ನೂ ಇದರ ಪಕ್ಕ ಇಟ್ಟು ನೋಡಬೇಕು. ವಿಮಾನದ ಟಿಕೆಟ್ ಬೇಡ, ಬೆಂಗಳೂರಿಂದ ರಾತ್ರಿ ಬಸ್ ಸಾಕು. ಮುರ್ಡೇಶ್ವರದಿಂದ ದೋಣಿಯಲ್ಲಿ ಗಂಟೆಗೂ ಹೆಚ್ಚು. ಮಳೆಗಾಲದಲ್ಲಿ ಬಂದ್. ಒಳ್ಳೇ ದಿನ ಸಿಕ್ಕರೆ ಅಲ್ಲೂ ನೀರು ತಿಳಿಯಾಗಿರುತ್ತದೆ, ಆದರೆ ದಡದಿಂದ ನಡೆದು ಇಳಿಯೋ ಸೌಕರ್ಯವಿಲ್ಲ, ನೇರ ದೋಣಿಯಿಂದಲೇ. ಒಮ್ಮೆ ಮುಳುಗಿ ನೋಡೋಣ ಅನ್ನೋರಿಗೆ ಅಂಡಮಾನಿನ ಖರ್ಚಿಗೆ ಮುಂಚೆ ಇದು ಒಳ್ಳೇದು. ಕೋರ್ಸ್ ಮಾಡೋಕಾದರೆ ಹ್ಯಾವ್‌ಲಾಕ್‌ನ ಶಾಂತ ದಡವೇ ಮೇಲು.

ಒಂದು ಲೆಕ್ಕ ಮಾತ್ರ ಬುಕಿಂಗ್‌ಗೆ ಮುಂಚೆಯೇ ಹಾಕಿ. ಹಲವು ಡೈವ್ ಮಾಡಿದವರು ವಿಮಾನ ಹತ್ತೋಕೆ ಕಡೇಪಕ್ಷ 18 ಗಂಟೆ ಬಿಡಬೇಕು ಅನ್ನೋದು ಸಾಮಾನ್ಯ ಸಲಹೆ. ಹಾಗಾಗಿ ದೂರದ ಜಾಗಗಳನ್ನು ಪ್ರವಾಸದ ನಡುವಿಗೆ ಹಾಕಿಕೊಳ್ಳಿ, ಕೊನೇ ದಿನಕ್ಕೆ ಫೆರ್ರಿ ಟಿಕೆಟ್ ಮಾತ್ರ ಇರಲಿ.