ಪೈಸೈಕಲ್ಲೋ ಟಿ-ಮ್ಯಾಟ್ಸೋ: ಒಂದೇ ಟರ್ಬೋಜೆಟ್ ಮೇಲೆ ಹೋಲಿಕೆ

ಪೈಸೈಕಲ್, ಟಿ-ಮ್ಯಾಟ್ಸ್ ಎರಡೂ ಜೆಟ್ ಎಂಜಿನ್ ಹೇಗೆ ಓಡುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ತಂತ್ರಾಂಶಗಳು. ಎರಡೂ ನಾಸಾದ ಗ್ಲೆನ್ ಕೇಂದ್ರದ ಕೂಸುಗಳು, ಎರಡೂ ಉಚಿತ. ಆದರೆ ಟಿ-ಮ್ಯಾಟ್ಸ್ ಓಡಬೇಕಾದರೆ ಮ್ಯಾಟ್‌ಲ್ಯಾಬ್, ಸಿಮ್ಯುಲಿಂಕ್ ಲೈಸೆನ್ಸ್‌ಗೆ ದುಡ್ಡು ತೆರಬೇಕು, ಜೊತೆಗೆ ಸಿ ಕಂಪೈಲರ್ ಬೇಕು. ಪೈಸೈಕಲ್‌ಗೆ ಪೈಥಾನ್, ಅದರ ಮೇಲೆ ಓಡುವ, ವಿನ್ಯಾಸ ಉತ್ತಮಗೊಳಿಸುವ ಉಚಿತ ತಂತ್ರಾಂಶ ಓಪನ್‌ಎಮ್‌ಡಿಎಒ ಸಾಕು.

ಪರೀಕ್ಷೆಗೆ ಹಾಕಿದ್ದು ಒಂದೇ ಶಾಫ್ಟಿನ ಟರ್ಬೋಜೆಟ್ (ಕಂಪ್ರೆಸರ್ ಗಾಳಿ ಒತ್ತಿ, ಇಂಧನ ಉರಿದು, ಆ ಬಿಸಿ ಅನಿಲದಿಂದ ತಿರುಗುವ ಟರ್ಬೈನ್ ಕಂಪ್ರೆಸರನ್ನು ತಿರುಗಿಸುವ ಜೆಟ್ ಎಂಜಿನ್): ಕಂಪ್ರೆಸರಿನ ಒತ್ತಡದ ಅನುಪಾತ 13.5, ಟರ್ಬೈನ್ ಬಾಯಲ್ಲಿ 2370 ಡಿಗ್ರಿ ರ‍್ಯಾಂಕಿನ್ (ಸುಮಾರು 1317 ಕೆಲ್ವಿನ್). ಡಿಸೈನ್ ಪಾಯಿಂಟಿನಲ್ಲಿ, ಅಂದರೆ ಎಂಜಿನ್ನನ್ನು ಯಾವ ಸ್ಥಿತಿಗೆಂದು ರೂಪಿಸಿದ್ದೋ ಅಲ್ಲಿ, ಎರಡಕ್ಕೂ ತಕರಾರಿಲ್ಲ. ಥ್ರಾಟಲ್ ಇಳಿಸಿದಾಗಲೇ ನಿಜವಾದ ಬಣ್ಣ ಕಾಣುವುದು.

ಟಿ-ಮ್ಯಾಟ್ಸ್‌ನಲ್ಲಿ ಇಂಧನ ಕೊಟ್ಟರೆ ಹುಡುಕಬೇಕಾದ ಅಂಶಗಳು ನಾಲ್ಕು: ಗಾಳಿಯ ಹರಿವು, ಶಾಫ್ಟ್ ವೇಗ, ಕಂಪ್ರೆಸರ್ ಮ್ಯಾಪಿನ (ವೇಗ, ಹರಿವು, ಒತ್ತಡಗಳ ಸಂಬಂಧ ತೋರಿಸುವ ಕೋಷ್ಟಕ) ಆರ್-ಲೈನ್ (ಒಂದು ವೇಗದ ಗೆರೆಯ ಮೇಲೆ ಎಲ್ಲಿದ್ದೇವೆಂದು ಗುರುತಿಸುವ ಸಂಖ್ಯೆ), ಟರ್ಬೈನಿನ ಒತ್ತಡದ ಅನುಪಾತ. ಕಂಪ್ರೆಸರ್, ಟರ್ಬೈನ್, ನಾಝಲ್‌ಗಳ ಹರಿವಿನ ವ್ಯತ್ಯಾಸ ಮೂರು, ಶಾಫ್ಟಿನ ಪವರ್ ವ್ಯತ್ಯಾಸ ಒಂದು. ಈ ನಾಲ್ಕೂ ಸೊನ್ನೆಗೆ ಬರಬೇಕು. ಸಾಲ್ವರ್ (ಈ ಉತ್ತರ ಹುಡುಕುವ ಭಾಗ) ಒಂದೊಂದೇ ಅಂಶವನ್ನು ಚೂರು ಅಲುಗಿಸಿ ಇಳಿಜಾರು, ಅಂದರೆ ವ್ಯತ್ಯಾಸಗಳು ಎಷ್ಟು ಬದಲಾಗುತ್ತವೆ ಎಂಬುದನ್ನು, ಅಳೆಯುತ್ತದೆ. ಅಲುಗಾಟ ತೀರಾ ಸಣ್ಣದಾದರೆ ಸಿಗುವುದು ಬರೀ ಗದ್ದಲ, ದೊಡ್ಡದಾದರೆ ತಪ್ಪು ಇಳಿಜಾರು. ಮ್ಯಾಪಿನ ಬಿಂದುಗಳು ದೂರದೂರ ಇದ್ದರೆ ಇಳಿಜಾರು ಗೆರೆ ದಾಟಿದೊಡನೆ ಜಿಗಿಯುತ್ತದೆ. ಸಾಲ್ವರ್ ಮ್ಯಾಪಿನ ಎರಡು ಮನೆಗಳ ನಡುವೆ ಚೆಂಡಿನಂತೆ ಪುಟಿಯುತ್ತಲೇ ಇರುತ್ತದೆ. ಇದಕ್ಕೆ ಸಹನೆಯ ಮಿತಿ (ಎಷ್ಟು ತಪ್ಪು ಉಳಿದರೂ ಸಾಕು ಎಂಬ ಅಂಕಿ) ಸಡಿಲಿಸುವುದು ಮದ್ದಲ್ಲ, ಮ್ಯಾಪನ್ನು ಒತ್ತಾಗಿಸಬೇಕು.

ಪೈಸೈಕಲ್ ಇಳಿಜಾರನ್ನು ಸೂತ್ರದಿಂದಲೇ ಲೆಕ್ಕ ಹಾಕುತ್ತದೆ, ಹಾಗಾಗಿ ಆ ತಲೆನೋವಿಲ್ಲ. ಬೇರೆ ತಲೆನೋವಿದೆ: ಸಿಇಎ (ಅನಿಲದ ರಾಸಾಯನಿಕ ಲೆಕ್ಕದ ನಾಸಾ ವಿಧಾನ) ಆಯ್ಕೆಯಲ್ಲಿ ಎಂಜಿನ್ನಿನೊಳಗೆ ಲೆಕ್ಕ ಹಾಕುವ ಪ್ರತಿ ನಿಲ್ದಾಣದಲ್ಲೂ ರಾಸಾಯನಿಕ ಸಮತೋಲನ ಬಿಡಿಸುತ್ತದೆ, ನಿಧಾನ. 1317 ಕೆಲ್ವಿನ್‌ನಲ್ಲಿ ಅಣುಗಳ ವಿಘಟನೆ ನಗಣ್ಯ, ಮೊದಲೇ ಲೆಕ್ಕ ಹಾಕಿಟ್ಟ ಕೋಷ್ಟಕದ ಆಯ್ಕೆಯೇ ಸಾಕು. ಇನ್ನೊಂದು, ಡಿಸೈನ್‌ನಲ್ಲಿ ಕೊಟ್ಟ ಮ್ಯಾಕ್ ಸಂಖ್ಯೆಯಿಂದ (ಹರಿವಿನ ವೇಗ ಶಬ್ದದ ವೇಗದ ಎಷ್ಟು ಪಟ್ಟು ಎಂಬುದು) ಅಡ್ಡಕೊಯ್ತದ ವಿಸ್ತೀರ್ಣ ಗಟ್ಟಿಯಾಗುತ್ತದೆ. ಡಕ್ಟಿಗೆ 0.8 ಕೊಟ್ಟರೆ ಬೇರೆ ಪಾಯಿಂಟಿನಲ್ಲಿ ಹರಿವು ಅಲ್ಲೇ ಶಬ್ದದ ವೇಗ ಮುಟ್ಟಿ, ಇನ್ನು ಹೆಚ್ಚಲಾರದೆ ಉಸಿರುಕಟ್ಟಿ ಸಾಲ್ವರ್ ಕೈಚೆಲ್ಲಬಹುದು. ಕಂಪ್ರೆಸರಿನ ಹಿಂದೆ 0.2ರ ಆಸುಪಾಸು ಇರಲಿ.

ಎರಡರಲ್ಲೂ ಥ್ರಾಟಲ್ ಇಳಿಸುವಾಗ ನೂರರಿಂದ ಅರವತ್ತು ಶೇಕಡಕ್ಕೆ ಒಮ್ಮೆಲೇ ಹಾರಬೇಡಿ. ಎರಡೆರಡು ಶೇಕಡ ಇಳಿಸುತ್ತ, ಹಿಂದಿನ ಉತ್ತರವನ್ನೇ ಮುಂದಿನ ಊಹೆಯಾಗಿ ಕೊಡಿ.

ಬೇರೆ ಎಂಜಿನ್ನಿನಿಂದ ಎರವಲು ತಂದ ಮ್ಯಾಪನ್ನು ನಮ್ಮ ಎಂಜಿನ್ನಿಗೆ ಹಿಗ್ಗಿಸುವಾಗ ಒತ್ತಡದ ಅನುಪಾತವನ್ನಲ್ಲ, ಅದರಿಂದ 1 ಕಳೆದದ್ದನ್ನು ಗುಣಿಸಬೇಕು. ಉತ್ತರದ ನಿಖರತೆ ನಿಂತಿರುವುದು ಈ ಮ್ಯಾಪಿನ ಮೇಲೆ, ಉಪಕರಣದ ಮೇಲಲ್ಲ.

ಎಂಜಿನ್ ಸೈಕಲ್ (ಗಾಳಿ ಒತ್ತಿ, ಉರಿಸಿ, ಹಿಗ್ಗಿಸುವ ಸರಣಿ) ಅಧ್ಯಯನ, ಆಪ್ಟಿಮೈಸೇಶನ್‌ಗೆ ನಮ್ಮ ಮತ ಪೈಸೈಕಲ್‌ಗೆ. ಕಂಟ್ರೋಲರ್ ಬರೆಯುವವರಿಗೆ, ಎಂಜಿನ್ ವೇಗ ಹಿಡಿಯುವುದನ್ನು ನೋಡಬೇಕಾದವರಿಗೆ ಟಿ-ಮ್ಯಾಟ್ಸೇ ಸರಿ: ಅಲ್ಲಿ ಶಾಫ್ಟ್ ವೇಗ ಕಾಲದೊಡನೆ ಸಾಗುವ ಸ್ಥಿತಿಯಾಗುತ್ತದೆ, ಸಾಲ್ವರಿಗೆ ಹುಡುಕಲು ಉಳಿಯುವುದು ಮೂರೇ ಅಂಶ. ಜಡತ್ವವನ್ನು ಮಾತ್ರ ಸ್ಲಗ್-ಚದರ ಅಡಿಯಲ್ಲಿ ಕೊಡಿ. ಕಿಲೋಗ್ರಾಂ-ಚದರ ಮೀಟರಿನ ಅಂಕಿಯನ್ನೇ ತುಂಬಿದರೆ ಶಾಫ್ಟಿನ ಜಡತ್ವ 1.356 ಪಟ್ಟಾಗುತ್ತದೆ, ಎಂಜಿನ್ ಮಂದವಾದಾಗ ಜನ ಕಂಟ್ರೋಲರನ್ನು ಬೈಯುತ್ತಾರೆ.